ತಾಟಿಗೆ ಬಾರದ ಮಂಡಕ್ಕಿ

೨೦೨೪ ಜೂನ್ ೧೦, ಸೋಮವಾರ, ಬೆಳಗ್ಗೆ ಎಂಟೂ ಹತ್ತು. ನಮ್ಮ ಮನೆಯಲ್ಲಿ ರೊಟ್ಟಿ ಇಲ್ಲದ ಮೊದಲ ಊಟಕ್ಕೆ ಕೂತದ್ದು ಆಗ. ಒಳ್ಳೆಯ ಕೆಲಸ ಸೋಮವಾರವೇ ಶುರುವಾಗಬೇಕೆಂದು ಅವ್ವ ಹಟ ಹಿಡಿದಿದ್ದಳು. ಸೋಮವಾರ ನಮ್ಮ ಮನೆಯ ಹೊಸ್ತಿಲೊಳಗೆ ಮೊಟ್ಟೆ ಬರುವುದಿಲ್ಲ, ಮಾಂಸದ ಮಾತೇ ಇಲ್ಲ. ರೊಟ್ಟಿ, ಅನ್ನ, ಮುದ್ದೆ ಕಡಿಮೆ ಮಾಡಿ ಮೊಟ್ಟೆ, ಮಾಂಸ, ಕಾಳು, ಸೊಪ್ಪು ತಿನ್ನಿ ಎಂದು ಡಾಕ್ಟರು ಹೇಳಿದ ಪಥ್ಯವನ್ನು, ಅದರ ಅರ್ಧಕ್ಕೆ ಬಾಗಿಲು ಹಾಕಿರುವ ದಿನವೇ ನೋಡಿ ಶುರು ಮಾಡಿದೆವು. ಇಂಥ ಜಾಣತನಕ್ಕೆ ನಮ್ಮ ಕಡೆ ಬರ ಬಂದದ್ದಿಲ್ಲ.

ಪಥ್ಯ ಅಪ್ಪನದು. ಅಪ್ಪ ಕುರಿ ಸಂತೆಯ ದಲ್ಲಾಳಿ. ನಮ್ಮದು ತಂಬ್ರಹಳ್ಳಿ ಕಡೆಯ ಊರು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಎಲ್ಲಿ ಕುರಿ ಕೂಡಿದರೂ ಅಲ್ಲಿ ಅಪ್ಪ ಇರುತ್ತಾನೆ. ಮಾರುವವನ ಕೈ, ಕೊಳ್ಳುವವನ ಕೈ ಎರಡನ್ನೂ ಟವಲಿನ ಕೆಳಗೆ ಹಿಡಿದು ಬೆರಳಲ್ಲೇ ದರ ಕುದುರಿಸುವುದು ಅವನ ಕೆಲಸ. ಅದಕ್ಕೆ ಕಣ್ಣು ಬೇಕಿಲ್ಲ. ಆದರೆ ಅದಕ್ಕೂ ಮೊದಲು ಕುರಿಯ ತುಟಿ ಎತ್ತಿ ಹಲ್ಲು ನೋಡಿ ವಯಸ್ಸು ಹೇಳಬೇಕು. ಅಪ್ಪ ಎರಡು ಹಲ್ಲು ಅಂದರೆ ಎರಡು ಹಲ್ಲು, ಬಾಯಿಗೂಡಿದೆ ಅಂದರೆ ಮುದಿಯಾಗುತ್ತ ಬಂದಿದೆ ಎಂದೇ ಅರ್ಥ. ಮತ್ತೊಬ್ಬರು ನೋಡುವ ಪದ್ಧತಿ ಇರಲಿಲ್ಲ. ಆ ವರ್ಷ ಯುಗಾದಿಯ ಹಿಂದುಮುಂದು ಒಂದು ಬಾಯಿಗೂಡಿದ ಕುರಿಯನ್ನು ನಾಲ್ಕು ಹಲ್ಲಿನದು ಎಂದುಬಿಟ್ಟ. ಕೊಂಡವನು ಮುಂದಿನ ಸಂತೆಗೆ ಅದನ್ನು ಎಳೆದು ತಂದು ಅಪ್ಪನ ಕಾಲ ಹತ್ತಿರವೇ ಕಟ್ಟಿ, "ಬೆರಳು ಹಾಕಿ ಎಣಸೋ ದಲ್ಲಾಳಿ, ಕಣ್ಣು ಸಂತಿಗೆ ಬಂದಂಗಿಲ್ಲ" ಅಂದನಂತೆ. ಇಡೀ ಸಂತೆ ನಕ್ಕಿತು. ಅಂದಿನಿಂದ ಅಪ್ಪ ನಿಜವಾಗಿಯೂ ಬೆರಳು ಹಾಕಿ ಎಣಿಸತೊಡಗಿದ. ಜನ ಅದನ್ನು ನೋಡುತ್ತಿದ್ದರು. ಅಪ್ಪನಿಗೆ ಜನ ನೋಡುತ್ತಿರುವುದು ಕಾಣುತ್ತಿರಲಿಲ್ಲ.

ಎರಡೂ ಕಣ್ಣಿಗೆ ಪೊರೆ. ಬಲಗಣ್ಣು ಪೂರ್ತಿ ಬೆಳ್ಳಗಾಗಿತ್ತು. ಮೇ ತಿಂಗಳ ಕೊನೆಗೆ ಹಗರಿಬೊಮ್ಮನಹಳ್ಳಿಗೆ ಕಣ್ಣಿನ ಆಪರೇಷನ್ ಶಿಬಿರದ ಬಸ್ಸು ಬಂದಾಗ ಕರೆದುಕೊಂಡು ಹೋದೆ. ಬಲಗಣ್ಣಿನ ಮೇಲೆ, ಹುಬ್ಬಿಗೆ ತಾಗಿಸಿ, ಇದೇ ಕಣ್ಣು ಎಂಬ ಗುರುತಿಗೆ ಬಿಳಿ ಪಟ್ಟಿ ಅಂಟಿಸಿದರು. ಆಮೇಲೆ ಸಕ್ಕರೆ ನೋಡಿದರು. ಮುನ್ನೂರು ದಾಟಿತ್ತು.

"ಯಜಮಾನ್ರೇ, ಇದು ಇನ್ನೂರರ ಕೆಳಗೆ ಬರೋ ತನಕ ನಾನು ನಿಮ್ಮ ಕಣ್ಣು ಮುಟ್ಟಲ್ಲ," ಅಂದರು ಡಾಕ್ಟರು. "ದಸರಾ ಹೊತ್ತಿಗೆ ಮತ್ತೆ ಬರ್ತೀವಿ. ಗುಳಿಗೆ ಬಿಡಬೇಡಿ. ಊಟ ಬದಲು ಮಾಡಿ."

ಪಟ್ಟಿ ಕೀಳುವುದನ್ನು ಅವರೂ ಮರೆತರು, ನಾವೂ ಮರೆತೆವು. ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಓಣಿಯ ಅರ್ಧ ಜನ "ಆಪರೇಷನ್ ಚಲೋ ಆತೇನು?" ಎಂದು ಕೇಳಿದ್ದರು. ಮೊದಲಿನವರಿಗೆ ಅಪ್ಪ ಇಲ್ಲ ಅಂದ. ಕೊನೆಯವರಿಗೆ ಹ್ಞೂಂ ಅಂದ. ಮನೆಯಲ್ಲಿ ಪಟ್ಟಿ ಕಿತ್ತಾಗ ಹುಬ್ಬಿನ ಕೂದಲೂ ಜತೆಗೆ ಬಂದವು.

ನಾನು ಊರಿನ ಹಾಲಿನ ಡೇರಿಯಲ್ಲಿ ಬೆಳಗ್ಗೆ ಸಂಜೆ ಹಾಲು ಅಳೆದು, ಜಿಡ್ಡು ನೋಡಿ ಬರೆಯುವವಳು. ದಿನಚರಿ ಬರೆಯುವ ಚಟ ಅಲ್ಲಿಂದಲೇ ಹತ್ತಿದ್ದು. ಜನರ ಮಾತನ್ನು ನಂಬದಿರುವ ಚಟವೂ ಅಲ್ಲಿಂದಲೇ. ಹಾಲು ತರುವವರಲ್ಲಿ ನೀರು ಹಾಕಿದ್ದೇನೆ ಎಂದವರನ್ನು ನಾನು ಇನ್ನೂ ಕಂಡಿಲ್ಲ. "ಎಮ್ಮಿ ಬಾಳ ನೀರು ಕುಡದಿತ್ತವ್ವ" ಎಂದವರನ್ನು ಕಂಡಿದ್ದೇನೆ.

ಪಥ್ಯದ ಸುದ್ದಿ ಹಬ್ಬಿದ್ದೇ ತಡ, ಬುದ್ಧಿ ಹೇಳುವವರು ಸಾಲುಗಟ್ಟಿದರು. ಹರಪನಹಳ್ಳಿಯಿಂದ ಸೋದರಮಾವ ಒಂದು ಚೀಲ ನವಣಕ್ಕಿ, ಎರಡು ಡಬ್ಬಿ ಕಂದು ಪುಡಿ ಹೊತ್ತು ಬಂದ. ಮಾವನಿಗೂ ಸಕ್ಕರೆ ಕಾಯಿಲೆ ಇದೆ. ಅದು ವಾಸಿಯಾಗಿದೆ ಎಂದು ಅವನು ಹೇಳುತ್ತಾನೆ. ಪರೀಕ್ಷೆ ಮಾಡಿಸುವುದಿಲ್ಲ, ಹಾಗಾಗಿ ವಾಸಿಯಾಗಿಯೇ ಉಳಿದಿದೆ.

"ನೋಡಮ್ಮ, ನವಣೆ ಎಷ್ಟು ತಿಂದ್ರೂ ಸಕ್ಕರೆ ಏರಲ್ಲ," ಅಂದ.

"ಎಷ್ಟು ತಿಂದ್ರೂ ಅಂದ್ರ ಎಷ್ಟು, ಮಾವ?"

"ಎಷ್ಟಾದ್ರೂ. ಅದು ಅಕ್ಕಿ ಅಲ್ಲಲ್ಲ."

ಅಂದು ಮಧ್ಯಾಹ್ನ ಮಾವ ತಾಟಿನ ಅಂಚು ಕಾಣದಷ್ಟು ನವಣಕ್ಕಿ ಅನ್ನ ಉಂಡ. ಎರಡನೆಯ ಸಲವೂ ಹಾಕಿಸಿಕೊಂಡ. ಅಕ್ಕಿ ಅನ್ನವಾಗಿದ್ದರೆ ಅದರ ಅರ್ಧಕ್ಕೆ ಕೈ ಅಡ್ಡ ಹಿಡಿಯುತ್ತಿದ್ದ, ಔಷಧಿಯಾದ್ದರಿಂದ ಹಿಡಿಯಲಿಲ್ಲ. ಹೊರಡುವಾಗ ಅಪ್ಪನನ್ನು ಬದಿಗೆ ಕರೆದು, ಪುಡಿ ಶುರು ಮಾಡಿದ ಮೇಲೆ ಗುಳಿಗೆ ಬಿಟ್ಟರೂ ನಡೆಯುತ್ತದೆ ಎಂದು ಪಿಸುಗುಟ್ಟಿದ. ನಾನು ಪುಡಿಯ ಡಬ್ಬಿಗಳನ್ನು ದನದ ಕೊಟ್ಟಿಗೆಯ ಗೂಡಿನಲ್ಲಿಟ್ಟೆ. ಅದರಲ್ಲಿ ಏನಿತ್ತೋ ಡಬ್ಬಿಯ ಮೇಲೆ ಬರೆದಿರಲಿಲ್ಲ. ಎದೆ ಉಬ್ಬಿಸಿ ನಿಂತ ಒಬ್ಬ ಮನುಷ್ಯನ ಚಿತ್ರ ಮಾತ್ರ ಇತ್ತು.

ಪಕ್ಕದ ಮನೆಯ ದೊಡ್ಡವ್ವನದು ಬೇರೆ ದಾರಿ. ಅಪ್ಪನ ಅತ್ತಿಗೆ ಅವಳು. ಬಾಗಿಲಲ್ಲಿ ನಿಂತು, ಒಳಗೆ ಬಾರದೆ, ಎಲ್ಲರಿಗೂ ಕೇಳುವಂತೆ ಅಂದಳು: "ರೊಟ್ಟಿ ಬಿಡಸ್ಯಾಳಂತ ಮಗಳು. ಉಪಾಸ ಕೆಡವಿ ಕೊಲ್ಲಾಕ ಹಗ್ಗ ಯಾಕ ಬೇಕು, ಓದಿದ ಮಗಳಿದ್ರ ಸಾಕು." ರಾತ್ರಿ ಚಪಾತಿ ತಿಂದರೆ ಸಕ್ಕರೆ ಇಳಿಯುತ್ತದೆ ಎಂಬುದು ಅವಳ ಶಾಸ್ತ್ರ. ಗೋಧಿಗೂ ರಾತ್ರಿಗೂ ಏನು ನಂಟೋ ನನಗೆ ಇಂದಿನವರೆಗೂ ತಿಳಿದಿಲ್ಲ. ಹಗಲು ಗೋಧಿ ಗೋಧಿಯಾಗಿರುತ್ತದೆ, ಕತ್ತಲಾದ ಮೇಲೆ ಕಷಾಯವಾಗುತ್ತದೆ ಎಂದು ಈ ಐದು ತಾಲೂಕಿನ ಜನರೂ ನಂಬಿದ್ದಾರೆ.

ಮೊದಲ ದಿನ ಅಪ್ಪನ ಮುಂದೆ ಪುಂಡಿಪಲ್ಲೆ, ಹೆಸರುಕಾಳು, ಬದನೆಕಾಯಿ, ಶೇಂಗಾ ಚಟ್ನಿ, ಒಂದು ಚೊಂಬು ಮಜ್ಜಿಗೆ ಇಟ್ಟೆವು. ಅಪ್ಪ ಬಹಳ ಹೊತ್ತು ತಾಟನ್ನೇ ನೋಡಿದ.

"ಏ ಯವ್ವಾ, ಇದನ್ನ ಎದರಾಗ ಎತ್ಲಿ?"

"ಕೈಯಾಗ ಎತ್ತು."

"ಬದ್ನಿಕಾಯಿನ ಕೈಯಾಗ ಎತ್ತಾಕ ಇದೇನು ಪ್ರಸಾದನ?"

ರೊಟ್ಟಿ ನಮ್ಮಲ್ಲಿ ಊಟ ಮಾತ್ರವಲ್ಲ, ಚಮಚವೂ ಹೌದು. ಅದನ್ನು ತೆಗೆದರೆ ಕೈ ಪೆದ್ದಾಗುತ್ತದೆ. ಅಪ್ಪ ಎರಡು ಬೆರಳಲ್ಲಿ ಬದನೆಕಾಯಿ ಹಿಡಿದು, ಬೀಳಿಸಿ, ಮತ್ತೆ ಹಿಡಿದು, "ಆಡು ಆಗಿ ಹುಟ್ಟಿದ್ರ ಇದಕ್ಕಿಂತ ಚಲೋ ಮೇಯ್ತಿದ್ನಿ" ಅಂದ. ಅವ್ವನ ಸಂಕಟ ಇನ್ನೊಂದು. "ರೊಟ್ಟಿ ಬಡಿಯೋ ಸಪ್ಪಳ ಇಲ್ಲ ಅಂದ್ರ ಈ ಮನ್ಯಾಗ ಒಲಿ ಹಚ್ಯಾರ ಅಂತ ಯಾರಿಗೆ ಗೊತ್ತಾಕೈತಿ?" ಎಂದು ಕೇಳಿದಳು. ಮಾರನೆಯ ದಿನ ಮೊಟ್ಟೆಯನ್ನು ಹಂಚಿನ ಮೇಲೆ ರೊಟ್ಟಿಯಷ್ಟೇ ಅಗಲಕ್ಕೆ ಹರಡಿ ಬೇಯಿಸಿ ಕೊಟ್ಟಳು. ಅಪ್ಪ ಅದನ್ನು ಹರಿದು ಪಲ್ಲೆ ಎತ್ತಿ ತಿಂದ. ಹಾದಿ ಸಿಕ್ಕಿತು ಎಂದುಕೊಂಡೆವು.

ತಾಟಿಗೆ ಬಂದದ್ದನ್ನೆಲ್ಲ ಬರೆಯುತ್ತ ಹೋದೆ. ಮನೆಯ ಊಟದಲ್ಲಿ ಅಪ್ಪ ಒಂದು ದಿನವೂ ತಪ್ಪಲಿಲ್ಲ, ಬೈಯುವುದನ್ನೂ ತಪ್ಪಿಸಲಿಲ್ಲ. ಜುಲೈ ೧೨ಕ್ಕೆ ಆಸ್ಪತ್ರೆಯಲ್ಲಿ ಸಕ್ಕರೆ ನೋಡಿಸಿದೆ. ಇನ್ನೂರ ಎಂಬತ್ತು. ಒಂದು ತಿಂಗಳು ಆಡಿನಂತೆ ಮೇಯಿಸಿದ್ದಕ್ಕೆ ಇಷ್ಟೇ ಇಳಿತ. ದೊಡ್ಡವ್ವ ಹೊಸ್ತಿಲಿಗೆ ಬಂದು, "ನಾ ಹೇಳಿದ್ನೆಲ್ಲ" ಅಂದಳು. ಏನು ಹೇಳಿದ್ದಳೋ ಅದು ಅವಳಿಗೂ ನೆನಪಿರಲಿಲ್ಲ. ಹೇಳಿದ್ದೆ ಎಂಬುದು ಮಾತ್ರ ನೆನಪಿತ್ತು.

ನನಗೆ ಡೇರಿಯ ಅಳತೆ ನೆನಪಾಯಿತು. ಹಾಲು ತೆಳ್ಳಗೆ ಬಂದರೆ ಅಳತೆಯ ಕೊಳವೆಯನ್ನು ಬೈಯುವುದಿಲ್ಲ. ಎಲ್ಲೋ ನೀರು ಬೀಳುತ್ತಿದೆ ಎಂದೇ ಲೆಕ್ಕ. ಮನೆಯಲ್ಲಿ ಬೀಳುತ್ತಿಲ್ಲವಾದರೆ ಸಂತೆಯಲ್ಲಿ. ಮುಂದಿನ ವಾರ ಡೇರಿಗೆ ರಜೆ ಹಾಕಿ ಅಪ್ಪನ ಹಿಂದೆ ಕೊಟ್ಟೂರು ಸಂತೆಗೆ ಹೋದೆ.

ಅಪ್ಪ ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನೋ ಇದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮೊದಲ ವ್ಯಾಪಾರ ಕುದುರಿತು. ಟವಲು ತೆಗೆದರು. ಮಾರಿದವನು ಬದಿಯ ಅಂಗಡಿಯಿಂದ ಒಗ್ಗರಣೆ ಮಂಡಕ್ಕಿ ತಂದ. ಪೇಪರಿನ ಮೇಲೆ ರಾಶಿ, ಮೇಲೆ ಪುಟಾಣಿ ಹಿಟ್ಟು, ಈರುಳ್ಳಿ, ಬದಿಗೆ ನಾಲ್ಕು ಮೆಣಸಿನಕಾಯಿ ಬಜ್ಜಿ. ಮಾರಿದವನು, ಕೊಂಡವನು, ಅಪ್ಪ, ಮೂವರೂ ಒಂದೇ ಪೇಪರಿಗೆ ಕೈ ಹಾಕಿ ತಿಂದರು. ಪೇಪರು ಮುದ್ದೆ ಮಾಡಿ ಎಸೆದ ಮೇಲೆ ವ್ಯಾಪಾರ ಮುಗಿದ ಹಾಗೆ. ಎರಡನೆಯದು ಕುದುರಿತು. ಮತ್ತೆ ಪೇಪರು. ಮೂರನೆಯದು. ಮತ್ತೆ.

"ಅಪ್ಪಾ, ಅದೇನು ತಿನ್ನಾಕತ್ತಿದಿ?"

"ಎಲ್ಲಿ? ಏನೂ ತಿಂದಿಲ್ಲಲ್ಲ."

ಬಾಯಿ ತುಂಬ ಇಟ್ಟುಕೊಂಡೇ ಅಂದ. ಸುಳ್ಳಲ್ಲ ಅದು, ಅದೇ ಸೋಜಿಗ.

"ಕೈಯಾಗ ಏನೈತಿ?"

"ಮಂಡಕ್ಕಿ."

"ಮಂಡಕ್ಕಿ ಊಟ ಅಲ್ಲೇನು?"

ಸುತ್ತಲಿದ್ದವರು ಕುರಿ ಬಿಟ್ಟು ನನ್ನನ್ನು ನೋಡಿದರು. ಉಜ್ಜಿನಿ ಕಡೆಯ ಒಬ್ಬ ಮುದುಕ, ಹೆಗಲ ಮೇಲೆ ಕಂಬಳಿ ಹಾಕಿಕೊಂಡವನು, ಬಹಳ ಮರುಕದಿಂದ ತಿದ್ದಿದ: "ಮಂಡಕ್ಕಿ ಎಲ್ಲ್ಯಾರ ಊಟ ಆಗತೈತೇನವ್ವ? ಅದು ಗಾಳಿ. ಹಲ್ಲಿಗೆ ಕೆಲ್ಸ ಅಷ್ಟ."

ತಾಟಿನಲ್ಲಿ ಬಂದರೆ ಊಟ, ಪೇಪರಿನಲ್ಲಿ ಬಂದರೆ ಮಾತು. ಇದೇ ಮಂಡಕ್ಕಿಯನ್ನು ನೀರಲ್ಲಿ ನೆನೆಸಿ ಹಿಂಡಿ ಒಗ್ಗರಣೆ ಕೊಟ್ಟು ಸುಸಲ ಮಾಡಿದರೆ ಅದಕ್ಕೆ ನಾಷ್ಟಾ ಎಂದು ಹೆಸರು, ಹೊಟ್ಟೆ ತುಂಬಿತು ಎಂದು ತೇಗು. ಒಣಗಿದ್ದರೆ ಗಾಳಿ. ಒಪ್ಪತ್ತು ಮಾಡುವವರೂ ಸಂಜೆಗೆ ಒಂದು ಹಿಡಿ ಮಂಡಕ್ಕಿ ತಿಂದು ನಮ್ಮದು ಒಪ್ಪತ್ತು ಎಂದೇ ಹೇಳುತ್ತಾರೆ, ದೇವರೂ ಒಪ್ಪಿಕೊಂಡಿದ್ದಾನೆ. ದೇವರಿಗೆ ರಕ್ತ ಪರೀಕ್ಷೆ ಮಾಡುವ ಕೆಲಸವಿಲ್ಲ.

ಅಂಗಡಿಯಿಂದ ಒಂದು ಚೀಲ ಮಂಡಕ್ಕಿ, ಒಂದು ಖಾಲಿ ಬುಟ್ಟಿ ತರಿಸಿದೆ. ಅಪ್ಪ ಒಂದು ಹಿಡಿ ಬಾಯಿಗೆ ಹಾಕಿದರೆ ನಾನೂ ಆ ಚೀಲದಿಂದ ಒಂದು ಹಿಡಿ ತೆಗೆದು ನನ್ನ ಬುಟ್ಟಿಗೆ ಹಾಕಿದೆ. ಜನ ನಕ್ಕರು. "ಮಗಳು ಹಾಲು ಅಳಿಯೋದು ಬಿಟ್ಟು ಮಂಡಕ್ಕಿ ಎಣಸಾಕ ಬಂದಾಳ ನೋಡ್ರೋ" ಅಂದರು. ಒಂಬತ್ತು ವ್ಯಾಪಾರ ಆದವು ಅವತ್ತು. ಒಳ್ಳೆಯ ಸಂತೆ.

ಮನೆಗೆ ಬಂದು ಬುಟ್ಟಿಯನ್ನು ನೀರಿನ ಕೊಳಗಕ್ಕೆ ಸುರಿದೆ. ಬೆಟ್ಟದಂತಿದ್ದದ್ದು ಕೂತಿತು. ಹಿಂಡಿ ಹಿಂಡಿ ಅಪ್ಪನ ತಾಟಿಗೇ ಹಾಕಿದೆ. ತಾಟು ತುಂಬಿತು, ಮೇಲೆ ಗುಡ್ಡೆ ಬಂತು. ಅವ್ವ ನೋಡಿ, "ಇದಕ್ಕ ಸಾರು ಹಾಕಿದ್ರ ಮೂರು ಮಂದಿ ಊಟ" ಅಂದಳು. ವಾರಕ್ಕೆರಡು ಸಲ ತಾನೇ ಸುಸಲ ಹಿಂಡುವ ಕೈ ಅವಳದು. ಅಷ್ಟು ವರ್ಷ ಹಿಂಡಿಯೂ ಅದು ಅನ್ನ ಎಂದು ಅವಳಿಗೆ ತೋಚಿರಲಿಲ್ಲ. ನನಗೆ ತಾನೇ ತೋಚಿತ್ತೇ? ಒಂದು ತಿಂಗಳು ತಾಟನ್ನಷ್ಟೇ ನೋಡುತ್ತ ಕೂತಿದ್ದೆ.

ಅಪ್ಪನಿಗೆ ಗುಡ್ಡೆ ಸರಿಯಾಗಿ ಕಾಣಲಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿದ, ಕುರಿಯ ಹಲ್ಲು ಒತ್ತಿ ನೋಡುವಂತೆ. ಆಮೇಲೆ ಕೈ ಒರೆಸಿಕೊಂಡು ಅಂದ: "ಅದನ್ನ ತಾಟಿಗೆ ಯಾಕ ಹಾಕಿದಿ?"

ತಪ್ಪು ಅಲ್ಲಿತ್ತು ಅವನ ಪ್ರಕಾರ. ತಿಂದದ್ದರಲ್ಲಿ ಅಲ್ಲ.

ಆದರೂ ನನ್ನ ಕಾಟಕ್ಕೆ ಮುಂದಿನ ಸಂತೆಗೆ ಅಪ್ಪ ಮಂಡಕ್ಕಿ ಮುಟ್ಟುವುದಿಲ್ಲವೆಂದು ಹೋದ. ಕಿಸೆಗೆ ಹುರಿದ ಶೇಂಗಾ ಕಟ್ಟಿಕೊಟ್ಟಿದ್ದೆ. ಮೊದಲ ವ್ಯಾಪಾರವೇ ಮುರಿಯಿತು. ದರ ಒಪ್ಪಿಗೆಯಾಗಿತ್ತು, ಪೇಪರು ಹರಡಿತ್ತು. ಅಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ. ಕೊಳ್ಳುವವನು ಅಪ್ಪನ ಮುಖ ನೋಡಿದ, ಕುರಿಗಳ ಮುಖ ನೋಡಿದ. "ಯಾಕ, ದಲ್ಲಾಳಿ ತಿನ್ನವಲ್ಲ?"

"ಸಕ್ರಿ ಐತಪ್ಪ."

"ಸಕ್ರಿ ಚಾದಾಗ ಇರತೈತಿ, ಮಂಡಕ್ಕ್ಯಾಗ ಏನಿರತೈತಿ? ನೀ ಬಾಯಾಗ ಹಾಕ್ಕೊಳ್ಳಂಗಿಲ್ಲ ಅಂದ್ರ ಕುರ್‍ಯಾಗ ಏನೋ ಐತಿ. ಮೊನ್ನಿ ಹಲ್ಲಿಂದೂ ಹಿಂಗ ಆತಂತ."

ಹಿಡಿದ ಹಗ್ಗ ಬಿಟ್ಟು ಹೋದ. ಅಪ್ಪ ಅಂದು ಬೇಗ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ, "ಕಣ್ಣು ಬರೋದರಾಗ ಸಂತಿನ ಹೋಕೈತಿ. ಸಂತಿ ಹೋದ ಮ್ಯಾಲ ಕಣ್ಣು ತಗಂಡು ಏನು ನೋಡ್ಲಿ?" ಅಂದ. ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತಿಂದರೆ ಕಣ್ಣು ಹೋಗುತ್ತದೆ, ಕಣ್ಣು ಹೋದರೆ ಸಂತೆ; ತಿನ್ನದಿದ್ದರೆ ನೇರವಾಗಿ ಸಂತೆಯೇ ಹೋಗುತ್ತದೆ. ಇಂಥದ್ದಕ್ಕೆ ಮಾವನ ಡಬ್ಬಿಯಲ್ಲಿ ಔಷಧಿ ಇರಲಿಲ್ಲ. ಡಾಕ್ಟರ ಬಳಿಯೂ ಇರಲಿಲ್ಲ ಬಿಡಿ. ಮಂಡಕ್ಕಿಯ ಮೇಲೆ ವ್ಯಾಪಾರ ನಿಂತಿರುವುದು ಅವರಿಗೆ ಹೇಗೆ ಗೊತ್ತಾಗಬೇಕು?

ಒಲೆಯ ಮುಂದೆ ಕೂತಿದ್ದ ಅವ್ವ ತಿರುಗಿಯೂ ನೋಡದೆ ಅಪ್ಪನಿಗೆ ಅಂದಳು: "ನೀನ ಬಡಸು."

"ಏನು?"

"ಮಂಡಕ್ಕಿ. ಪೇಪರ್ ನಿನ್ನ ಕೈಯಾಗ ಹಿಡಕೊಂಡು ಅವರಿಗೆ ಬಡಸು. ಬಡಸಾಕಿ ಕಡೀಕ ಉಣ್ಣಬೇಕು ಅಂತ ಐತೆಲ್ಲ. ಮೂವತ್ತು ವರ್ಷ ಆತು ನಾ ಕಡೀಕ ಉಣ್ಣಾಕತ್ತು. ಉಂಡ್ಳೋ ಬಿಟ್ಳೋ ಅಂತ ಈ ಮನ್ಯಾಗ ಯಾರರ ನೋಡ್ಯಾರೇನು?"

ಅಪ್ಪ ಕೆಮ್ಮಿದ. ನನಗೆ ಬರೆಯುವುದಕ್ಕೆ ಏನೂ ಇರಲಿಲ್ಲ, ಯಾಕೆಂದರೆ ಅವ್ವನ ತಾಟಿನ ಲೆಕ್ಕ ಇಟ್ಟವರು ನಮ್ಮಲ್ಲಿ ಯಾರೂ ಇಲ್ಲ.

ಮುಂದಿನ ಸಂತೆಯಿಂದ ಪೇಪರು ಅಪ್ಪನ ಕೈಗೆ ಬಂತು. "ತಿನ್ರಿ, ತಿನ್ರಿ, ಈ ಮೆಣಸಿನಕಾಯಿ ಬಿಸಿ ಐತಿ, ಏ ತಮ್ಮಾ, ನೀ ತಗಾ" ಎಂದು ಬೀಗರ ಮನೆಯಲ್ಲಿ ಬಡಿಸುವವನಂತೆ ಉಪಚಾರ. ತಾನು ಯಾವಾಗ ತಿನ್ನುತ್ತಾನೆ ಎಂದು ಯಾರೂ ಕೇಳಲಿಲ್ಲ. ಅವರಿಗೆ ಸಿಕ್ಕಿತಲ್ಲ, ಸಾಕು. ಉಳಿದದ್ದನ್ನು ಅಪ್ಪ ಕುರಿಗಳಿಗೆ ಹಾಕುತ್ತಿದ್ದ. ಕುರಿ ತಿನ್ನುವುದನ್ನು ನೋಡಿ, "ಕುರಿಗೂ ಗೊತ್ತಾತು ನೋಡು ಇದು ಊಟ ಅಂತ. ಸಂತ್ಯಾಗ ಗೊತ್ತಿಲ್ಲದಿದ್ದಾವ ನಾ ಒಬ್ಬನ" ಅಂದನಂತೆ. ಒಬ್ಬನೇ ಅಲ್ಲ ಅಪ್ಪ, ಎಲ್ಲರೂ.

ಆಗಸ್ಟ್ ೫ಕ್ಕೆ ಶ್ರಾವಣ ಬಂತು. ಮೊಟ್ಟೆ ರೊಟ್ಟಿಯೂ ಹೋಯಿತು. ಒಂದು ತಿಂಗಳು ಮಾಂಸದ ಪಾತ್ರೆಯನ್ನೇ ಅಟ್ಟಕ್ಕೇರಿಸಿದರು. ಕಡಲೆ ಹಿಟ್ಟನ್ನು ತೆಳ್ಳಗೆ ಹುಯ್ದು, ಸೊಪ್ಪು ಕಲಸಿ, ಅವ್ವ ಹಂಚಿನ ಮೇಲೆ ಏನೋ ಒಂದು ಮಾಡಿದಳು. ಅಪ್ಪ ಅದಕ್ಕೆ "ಶ್ರಾವಣದ ಚಮಚ" ಎಂದು ಹೆಸರಿಟ್ಟ. ಈ ತಿಂಗಳಲ್ಲಿ ಮಾವ ಮತ್ತೊಮ್ಮೆ ಬಂದು, ಪುಡಿ ಕೆಲಸ ಮಾಡುತ್ತಿದೆಯೇ ಎಂದು ಕೇಳಿದ. ಬಹಳ ಚೆನ್ನಾಗಿ, ಕೊಟ್ಟಿಗೆಯಲ್ಲಿ ಒಂದು ಜಿರಳೆಯೂ ಇಲ್ಲ ಅಂದೆ. ಅರ್ಥವಾಗಲಿಲ್ಲ ಅವನಿಗೆ. ಖುಷಿಯಿಂದ ತಲೆಯಾಡಿಸಿದ.

ಸೆಪ್ಟೆಂಬರ್ ಮೊದಲ ವಾರ ನೋಡಿಸಿದಾಗ ಇನ್ನೂರ ಹತ್ತು. ಆ ತಿಂಗಳ ಕೊನೆಗೆ ನೂರ ಎಂಬತ್ತು. ಅಕ್ಟೋಬರಿನಲ್ಲಿ ಬಸ್ಸು ಬಂತು. ಹುಬ್ಬಿಗೆ ಮತ್ತೆ ಬಿಳಿ ಪಟ್ಟಿ. ಈ ಸಲ ಅಪ್ಪನನ್ನು ಒಳಗೆ ಕರೆದರು.

ಮನೆಗೆ ಬಂದ ಮೇಲೆ ಶುರುವಾಯಿತು ಹಂಚಿಕೆ. ಪುಡಿಯಿಂದ ಆಯಿತು ಎಂದ ಮಾವ. ತನ್ನ ಊರಿನಲ್ಲಿ ಅಪ್ಪನ ಹೆಸರು ಹೇಳಿ ಇನ್ನಷ್ಟು ಜನಕ್ಕೆ ಡಬ್ಬಿ ಕೊಡಿಸಿದನಂತೆ. ಉಚ್ಚಂಗೆಮ್ಮನಿಗೆ ತಾನು ಕಟ್ಟಿಕೊಂಡ ಹರಕೆಯಿಂದ ಆಯಿತು ಎಂದಳು ದೊಡ್ಡವ್ವ. ದೇವಿಗೆ ನಾನು ಎದುರು ಹೇಳುವುದಿಲ್ಲ. ಆದರೆ ದೊಡ್ಡವ್ವ ಹರಕೆ ಕಟ್ಟಿದ್ದನ್ನು ನಾವು ಕೇಳಿದ್ದು ಕಣ್ಣು ಬಂದ ಮೇಲೆಯೇ. ಓಣಿಯವರೋ, ಮೇ ತಿಂಗಳಲ್ಲೇ ಆಪರೇಷನ್ ಆಗಿತ್ತಲ್ಲ, ಈಗ ಯಾವುದು ಇದು ಎಂದು ಕೇಳಿದರು. ಅಂದು ಹ್ಞೂಂ ಅಂದಿದ್ದ ಅಪ್ಪ ಟವಲು ಕೊಡವಿಕೊಂಡು ಒಳಗೆ ನಡೆದ, ಪಾಪ.

ಕಣ್ಣಿನ ಪಟ್ಟಿ ಬಿಚ್ಚಿ ಕೆಲವು ದಿನ ಆದ ಮೇಲೆ, ಒಂದು ಮಧ್ಯಾಹ್ನ ಅಪ್ಪ ಉಂಡು ಎದ್ದವನು ಬಾಗಿಲಲ್ಲೇ ನಿಂತು ಅಡಿಗೆ ಮನೆಯತ್ತ ನೋಡಿದ. ಬಲಗಣ್ಣು ಅಗಲ ಮಾಡಿಕೊಂಡು ನೋಡಿದ.

"ಏ, ಬೋಗುಣಿ ಖಾಲಿ ಐತೆಲ್ಲ. ನಿನಗ?"

"ಈಗ ಕಂಡಿತೇನು?" ಅಂದಳು ಅವ್ವ. ಕೊತ್ತಂಬರಿ ಸೋಸುವುದನ್ನು ನಿಲ್ಲಿಸಲಿಲ್ಲ.

ಅಪ್ಪ ಸಂತೆಗೆ ಮರಳಿದ್ದಾನೆ. ತುಟಿ ಎತ್ತಿ ಒಂದೇ ನೋಟಕ್ಕೆ ಹಲ್ಲು ಹೇಳುತ್ತಾನೆ. ಬೆರಳು ಹಾಕಿ ಎಣಸೋ ಎಂದು ಛೇಡಿಸಿದವನೇ ಈಗ "ದಲ್ಲಾಳಿ ಹೇಳಿದ್ರ ಹೇಳಿದಂಗ" ಎಂದು ಉಳಿದವರಿಗೆ ಸಾಕ್ಷಿ ಹೇಳುತ್ತಾನಂತೆ. ನಾಚಿಕೆ ಎಂಬುದು ಸಂತೆಗೆ ಬರುವ ಸರಕಲ್ಲ.

ಆದರೆ ಎಡಗಣ್ಣು ಬಾಕಿ ಇದೆ. ಅದೂ ಬೆಳ್ಳಗಾಗುತ್ತಿದೆ. ಮುಂದಿನ ಬಸ್ಸು ಬರುವವರೆಗೆ ಸಕ್ಕರೆ ಏರಬಾರದು. ಮತ್ತು ಬಡಿಸುವ ಉಪಾಯ ಈಗ ಹಳತಾಗುತ್ತಿದೆ. ಕಳೆದ ಸಂತೆಯಲ್ಲಿ ಉಜ್ಜಿನಿ ಕಡೆಯ ಅದೇ ಕಂಬಳಿಯ ಮುದುಕ ಪೇಪರು ಅಪ್ಪನ ಕೈಯಿಂದ ಇಸಿದುಕೊಂಡು, "ಬರೇ ನಮಗ ತಿನಸ್ತಿ, ನೀ ಯಾವಾಗ ತಿಂತಿ? ಇವತ್ತು ನಾ ಬಡಸ್ತೀನಿ, ನೀ ತಿನ್ನು, ನಾ ನೋಡ್ತೀನಿ" ಎಂದು ಎದುರು ನಿಂತ. ಪ್ರೀತಿಯಿಂದಲೇ ಅಂದದ್ದು. ಪ್ರೀತಿಯಷ್ಟು ಸಕ್ಕರೆ ಏರಿಸುವ ವಸ್ತು ಈ ಕಡೆ ಬೇರೆ ಇಲ್ಲ. ಅಪ್ಪ ತಿಂದ. ಮೂರು ಹಿಡಿ ಎಂದು ತಾನೇ ಬಂದು ಹೇಳಿದ, ಬರೆದುಕೊಂಡಿದ್ದೇನೆ.

ಅದಕ್ಕೇ ಇದನ್ನು ಬರೆದದ್ದು. ನಿಮ್ಮ ಕಡೆಯ ಕುರಿ ಸಂತೆಯಲ್ಲಿ, ದನದ ಸಂತೆಯಲ್ಲಿ ವ್ಯಾಪಾರ ಮುಗಿಯಿತು ಎನ್ನುವುದಕ್ಕೆ ಏನು ಮಾಡುತ್ತಾರೆ? ಮಂಡಕ್ಕಿ, ಚಹಾ, ಬೆಲ್ಲ ಇಲ್ಲದೆ ಮೂವರು ಒಪ್ಪಿದರೆಂದು ನಾಲ್ಕು ಜನ ನಂಬುವಂಥ ಪದ್ಧತಿ ಎಲ್ಲಿಯಾದರೂ ಇದ್ದರೆ, ಅದನ್ನು ಕಣ್ಣಾರೆ ಕಂಡವರು ದಯವಿಟ್ಟು ಬರೆದು ತಿಳಿಸಿ. ಪುಡಿಯ ವಿಷಯ, ನವಣೆಯ ವಿಷಯ, ರಾತ್ರಿ ಚಪಾತಿಯ ವಿಷಯ ಬರೆಯಬೇಡಿ.